ಗಣಿತವನ್ನೇ ಓದಬೇಕು ಅನ್ನುವವರಿಗೆ: ಅರ್ಹತೆ, ಪ್ರವೇಶ ಪರೀಕ್ಷೆ, ಪ್ರಶ್ನೋತ್ತರ

(ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಪದವಿ ಕಾಲೇಜಿನ ಗಣಿತ ಪ್ರಾಧ್ಯಾಪಕರೊಬ್ಬರ ಉತ್ತರ)

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ): ಸರ್, ನಂದು ಪಿಸಿಎಂಬಿ. ಪ್ರಿಪರೇಟರಿಯಲ್ಲಿ 68 ಪರ್ಸೆಂಟ್ ಬಂದಿದೆ, ಗಣಿತದಲ್ಲಿ ಮಾತ್ರ 91. ಇಂಜಿನಿಯರಿಂಗ್ ಬೇಡ, ಗಣಿತವೇ ಬೇಕು. 75 ಪರ್ಸೆಂಟ್ ಮತ್ತು ಜೆಇಇ ಇಲ್ಲದಿದ್ರೆ ಒಳ್ಳೆ ಸಂಸ್ಥೆ ಯಾವುದೂ ಸಿಗಲ್ಲ ಅಂತಾರೆ ಅಪ್ಪ. ನಿಜವಾ?

ಉತ್ತರ: ಅಪ್ಪ ಹೇಳಿದ್ದು ಐಐಟಿ, ಎನ್‌ಐಟಿಗಳ ಮಟ್ಟಿಗೆ ಸರಿ. ಅಲ್ಲಿ ಹನ್ನೆರಡನೆಯಲ್ಲಿ ಶೇ. 75 ಇರಬೇಕು (ಎಸ್‌ಸಿ, ಎಸ್‌ಟಿಗೆ 65), ಇಲ್ಲವೇ ನಿಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಆದರೆ ಗಣಿತಕ್ಕೆ ಅದೊಂದೇ ಬಾಗಿಲಲ್ಲಮ್ಮ.

ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐ, ನಮ್ಮ ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇದೆ. ಕೆಂಗೇರಿ ಕಡೆ ಹೋಗುವವರು ದಿನಾ ಅದರ ಮುಂದೆಯೇ ಓಡಾಡ್ತಾರೆ, ಒಳಗೆ ಬಿ.ಮ್ಯಾಥ್ ಅಂತ ಗಣಿತದ ಒಂದು ಪದವಿ ಕೋರ್ಸ್ ಇದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕೆ ಬೇಕಾದ್ದು ಹನ್ನೆರಡನೇ ತರಗತಿ ಪಾಸು, ವಿಷಯಗಳಲ್ಲಿ ಗಣಿತ ಮತ್ತು ಇಂಗ್ಲಿಷ್. ಇಷ್ಟು ಪರ್ಸೆಂಟ್ ಇರಲೇಬೇಕು ಅಂತ ಗೆರೆ ಎಳೆದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರದ ಅಂಕ ಯಾರೂ ಕೇಳಲ್ಲ. ಸೇರಿದವರಿಗೆ ತಿಂಗಳಿಗೆ 5,000 ರೂಪಾಯಿ ಸ್ಟೈಪೆಂಡ್ ಕೊಟ್ಟುಕೊಂಡು ಬಂದಿದ್ದಾರೆ. ಇದೇ ಸಂಸ್ಥೆಯ ಕೋಲ್ಕತ್ತಾದ ಬಿ.ಸ್ಟಾಟ್‌ಗೂ (ಸಂಖ್ಯಾಶಾಸ್ತ್ರದ ಪದವಿ) ಇದೇ ಪರೀಕ್ಷೆ.

ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಒಂದೇ ದಿನ ಎರಡು ಪೇಪರ್, ತಲಾ ಎರಡು ಗಂಟೆ. ಬೆಳಿಗ್ಗೆ 30 ಆಬ್ಜೆಕ್ಟಿವ್ ಪ್ರಶ್ನೆ. ಸರಿ ಉತ್ತರಕ್ಕೆ 4, ತಪ್ಪಿಗೆ ಸೊನ್ನೆ, ಮುಟ್ಟದೆ ಬಿಟ್ಟರೆ 1 ಅಂಕ. ಲೆಕ್ಕ ಹಾಕಿ ನೋಡು: ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ ಸರಾಸರಿ ಸಿಗುವುದೂ 1 ಅಂಕವೇ. ಹಾಗಾಗಿ ಸುಮ್ಮನೆ ಊಹಿಸಿ ಲಾಭವಿಲ್ಲ. ಒಂದು ಆಯ್ಕೆ ಖಂಡಿತ ತಪ್ಪು ಅಂತ ತೆಗೆದುಹಾಕಲು ಸಾಧ್ಯವಾದರೆ ಮಾತ್ರ ಕೈ ಹಾಕು.

ಮಧ್ಯಾಹ್ನದ್ದು ನಿಜವಾದ ಪರೀಕ್ಷೆ. ಎಂಟು ಪ್ರಶ್ನೆ, ಸಾಧನೆ (ಪ್ರೂಫ್) ಸಮೇತ ಬರೆಯಬೇಕು. ಸಿಇಟಿ ಕೋಚಿಂಗ್ ಪಡೆದ ಮಕ್ಕಳು ಸೋಲುವುದು ಇಲ್ಲೇ. ಒಂದು ಸಣ್ಣ ಲೆಕ್ಕ ಕೊಡ್ತೀನಿ: ಯಾವುದೇ ಬೆಸ ಸಂಖ್ಯೆಯ ವರ್ಗದಿಂದ 1 ಕಳೆದರೆ ಬರುವುದು 8ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಸಾಧಿಸು. 3, 5, 7 ಹಾಕಿ ನೋಡಿದೆ, ಸರಿ ಬಂತು ಅಂತ ಬರೆದರೆ ಅಂಕ ಸೊನ್ನೆ. ಕಳೆದು ಬಂದದ್ದು ಪಕ್ಕಪಕ್ಕದ ಎರಡು ಸಮ ಸಂಖ್ಯೆಗಳ ಗುಣಲಬ್ಧ, ಅವೆರಡರಲ್ಲಿ ಒಂದು 4ರಿಂದ ಭಾಗವಾಗಲೇಬೇಕು ಅಂತ ಹೊಳೆದು, ಅದನ್ನು ನಾಲ್ಕು ಸಾಲಿನಲ್ಲಿ ಬರೆಯಲು ಬಂದರೆ ನೀನು ಸರಿಯಾದ ದಾರಿಯಲ್ಲಿದ್ದೀಯ. ನಿಜವಾದ ಪ್ರಶ್ನೆಗಳು ಇದಕ್ಕಿಂತ ಬಹಳ ಕಠಿಣ. ಹಳೆಯ ಪ್ರಶ್ನೆಪತ್ರಿಕೆಗಳು ಸಂಸ್ಥೆಯ ಜಾಲತಾಣದಲ್ಲೇ ಇವೆ, ಪುಕ್ಕಟೆ.

ಚೆನ್ನೈ ಹತ್ತಿರ ಸಿರುಸೇರಿಯ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ಗೂ ಹಾಗೇ, ಅದರದ್ದೇ ಲಿಖಿತ ಪರೀಕ್ಷೆ. ಅಲ್ಲಿ ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಅಥವಾ ಭೌತಶಾಸ್ತ್ರ ಓದಬಹುದು. ಶುಲ್ಕ ಇದೆ, ವಿನಾಯಿತಿಗೆ ಅವಕಾಶವೂ ಇದೆ. ಐಸರ್‌ಗಳಿಗೆ (ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ನಮಗೆ ಹತ್ತಿರದವು ತಿರುಪತಿ, ಪುಣೆ, ತಿರುವನಂತಪುರ) ಬೋರ್ಡಿನಲ್ಲಿ ಶೇ. 60 ಸಾಕು, ಎಸ್‌ಸಿ, ಎಸ್‌ಟಿಗೆ 55. ಅವರ ಆ್ಯಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರ ತಲಾ 15 ಪ್ರಶ್ನೆ. ಪಿಸಿಎಂಬಿ ಮಾಡಿದ್ದು ಅಲ್ಲಿ ಉಪಯೋಗಕ್ಕೆ ಬರುತ್ತೆ.

ಅದೇ ವಿದ್ಯಾರ್ಥಿನಿ: ಥ್ಯಾಂಕ್ಸ್ ಸರ್. ಅರ್ಜಿ ಯಾವಾಗ?

ಉತ್ತರ: ಐಎಸ್‌ಐ ಅರ್ಜಿ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ, ಅಂದರೆ ನಿಮ್ಮ ಬೋರ್ಡ್ ಪರೀಕ್ಷೆಯ ಗದ್ದಲದ ನಡುವೆಯೇ. ರಿಸಲ್ಟ್ ಬರಲಿ, ಆಮೇಲೆ ನೋಡೋಣ ಅಂದ್ರೆ ಆ ವರ್ಷ ಹೋಯ್ತು ಅಂತಲೇ ಲೆಕ್ಕ. ಅರ್ಜಿ ಹಾಕುವ ಕೆಲಸ ಅಪ್ಪನಿಗೆ ವಹಿಸು.

ಪ್ರಶ್ನೆ (ಪೋಷಕರು, ಶಿವಮೊಗ್ಗ): ಮಗ ಕಾಮರ್ಸ್, ಬೇಸಿಕ್ ಮ್ಯಾಥ್ಸ್ ತಗೊಂಡಿದ್ದಾನೆ. ಈಗ ಡೇಟಾ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್ ಅಂತಿದ್ದಾನೆ. ಮೇಲೆ ಹೇಳಿದ ಪರೀಕ್ಷೆ ಬರೀಬಹುದಾ?

ಉತ್ತರ: ನಮ್ಮ ಪಿಯು ಮಂಡಳಿಯಲ್ಲಿ ಗಣಿತ ಬೇರೆ ವಿಷಯ, ಬೇಸಿಕ್ ಮ್ಯಾಥ್ಸ್ ಬೇರೆ ವಿಷಯ. ಕೋಡ್ ಬೇರೆ, ಪಠ್ಯವೂ ಬೇರೆ. ಹೆಸರಿನಲ್ಲಿ ಮ್ಯಾಥ್ಸ್ ಇದೆ ಅನ್ನುವುದನ್ನೇ ನಂಬಿ ದುಡ್ಡು ಕಟ್ಟಬೇಡಿ. ನಿಮಗೆ ಬೇಕಾದ ಸಂಸ್ಥೆಯ ಅಡ್ಮಿಷನ್ ವಿಭಾಗಕ್ಕೆ ಮಗನ ಅಂಕಪಟ್ಟಿಯ ಪ್ರತಿ ಲಗತ್ತಿಸಿ ಇಮೇಲ್ ಮಾಡಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಯಾರೋ ಹೂಂ ಅಂದದ್ದು ದಾಖಲೆ ಪರಿಶೀಲನೆಯ ದಿನ ನಿಲ್ಲಲ್ಲ.

ನಿರಾಳವಾಗಿ ಸಿಗುವ ದಾರಿ ಒಂದಿದೆ: ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್. ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದು, ಹನ್ನೆರಡನೆಯದು ಯಾವ ವಿಭಾಗದಲ್ಲಾದರೂ ಪಾಸಾಗಿದ್ದರೆ ಸಾಕು. ಜೆಇಇ ಬೇಡ. ಅವರೇ ಕೆಲವು ವಾರ ಪಾಠ ಮಾಡಿ ಅದರ ಮೇಲೆ ಅರ್ಹತಾ ಪರೀಕ್ಷೆ ಇಡ್ತಾರೆ. ಬಿ.ಕಾಂ ಜೊತೆಜೊತೆಗೇ ಮಾಡ್ತಿರುವವರೂ ಇದ್ದಾರೆ. ಸೇರುವುದು ಸುಲಭ, ಮುಗಿಸುವುದು ಸುಲಭವಲ್ಲ.

ಈ ಗುಂಪಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ತಂದೆತಾಯಂದಿರೂ ಇರ್ತೀರಿ. ನಾಳೆ ಏನು ಓದ್ತಾನೋ ಗೊತ್ತಿಲ್ಲ ಅನ್ನುವ ಮಗು ಇದ್ದರೆ ಪಿಯುಗೆ ಪೂರ್ತಿ ಗಣಿತವನ್ನೇ ಕೊಡಿಸಿ. ಪರ್ಸೆಂಟ್ ಕಡಿಮೆ ಆದವರಿಗೆ ಹೇಗೋ ದಾರಿ ಹುಡುಕಿ ಕೊಡಬಹುದು. ಪಿಯುಸಿಯಲ್ಲಿ ಗಣಿತವೇ ಇಲ್ಲದವರು ಬಂದು ಕೂತರೆ ನನಗೂ ಹೇಳಲು ಹೆಚ್ಚೇನೂ ಇರಲ್ಲ.

ಪ್ರಶ್ನೆ (ಪಿಯು ವಿದ್ಯಾರ್ಥಿ, ಕೊಪ್ಪಳ): ಹತ್ತನೇ ತನಕ ಕನ್ನಡ ಮೀಡಿಯಂ ಸರ್. ಇವುಗಳಲ್ಲಿ ಯಾವುದನ್ನ ಕನ್ನಡದಲ್ಲಿ ಬರೀಬಹುದು?

ಉತ್ತರ: ಜೆಇಇ ಮೇನ್ ಮತ್ತು ಸಿಯುಇಟಿ ಎರಡಕ್ಕೂ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿಗುತ್ತೆ, ಅರ್ಜಿ ತುಂಬುವಾಗಲೇ ಆರಿಸಿಕೊಳ್ಳಬೇಕು. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್, ದೆಹಲಿ ವಿಶ್ವವಿದ್ಯಾಲಯಗಳಿಗೆಲ್ಲ ಸಿಯುಇಟಿಯೇ ದಾರಿ, ಗಣಿತದ ಪೇಪರ್ ಆರಿಸಲು ಮರೆಯಬೇಡ. ಜೆಇಇ ಅಡ್ವಾನ್ಸ್‌ಡ್ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಐಎಸ್‌ಐ, ಚೆನ್ನೈ ಎರಡೂ ಇಂಗ್ಲಿಷ್. ಆದರೆ ಹೆದರಬೇಡಪ್ಪ, ಸಾಧನೆ ಬರೆಯಲು ಬೇಕಾದ ಇಂಗ್ಲಿಷ್ ಬಹಳ ಸ್ವಲ್ಪ. ಹತ್ತು ಹಳೇ ಪೇಪರ್ ಬಿಡಿಸುವಷ್ಟರಲ್ಲಿ ಅದೇ ವಾಕ್ಯಗಳು ಮತ್ತೆ ಮತ್ತೆ ಬರುವುದು ನಿನಗೇ ಕಾಣುತ್ತೆ.

ಪ್ರಶ್ನೆ (ಬಿಎಸ್ಸಿ ಅಂತಿಮ ವರ್ಷ, ದಾವಣಗೆರೆ): ನಮ್ಮದು ಮೂರು ವರ್ಷದ ಡಿಗ್ರಿ ಸರ್. ನಾಲ್ಕು ವರ್ಷ ಓದದವರಿಗೆ ಐಐಟಿ ಎಂಎಸ್ಸಿ ಸಿಗಲ್ಲ ಅಂತಾರೆ. ವಯಸ್ಸಿನ ಮಿತಿ ಇದೆಯಾ?

ಉತ್ತರ: ಸಿಗುತ್ತೆ. ಐಐಟಿಗಳ ಎಂಎಸ್ಸಿಗೆ ಇರುವ ಜಾಮ್ ಪರೀಕ್ಷೆಗೆ ಮೂರು ವರ್ಷದ ಪದವಿ ಸಾಕು, ಅಂತಿಮ ವರ್ಷದವರೂ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ. ಈ ಗೊಂದಲ ಎಲ್ಲಿಂದ ಬಂತು ಅಂದ್ರೆ, ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದರು. ನಾಲ್ಕನೇ ವರ್ಷದಿಂದ ಲಾಭ ಆಗುವುದು ಬೇರೆ ಕಡೆ: ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರು ಎಂಎಸ್ಸಿ ಇಲ್ಲದೆ ನೇರ ಪಿಎಚ್‌ಡಿಗೆ ಅರ್ಹರು.

ಜಾಮ್ ಫೆಬ್ರವರಿಯಲ್ಲಿ, ಅರ್ಜಿ ಅದರ ಹಿಂದಿನ ಸೆಪ್ಟೆಂಬರ್ ಆಸುಪಾಸು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೊದಲ 30 ಪ್ರಶ್ನೆಗೆ ಮಾತ್ರ ನೆಗೆಟಿವ್ ಅಂಕ. ಉಳಿದ 30ಕ್ಕೆ ಇಲ್ಲ, ಅವನ್ನು ಖಾಲಿ ಬಿಟ್ಟು ಬರಬೇಡ. ನಮ್ಮ ಮಕ್ಕಳು ಇಂಟಿಗ್ರೇಷನ್, ಡಿಫರೆನ್ಷಿಯಲ್ ಈಕ್ವೇಷನ್ ಚೆನ್ನಾಗಿ ಮಾಡ್ತಾರೆ, ರಿಯಲ್ ಅನಾಲಿಸಿಸ್ ಮತ್ತು ಗ್ರೂಪ್ ಥಿಯರಿಯಲ್ಲಿ ಅಂಕ ಬಿಡ್ತಾರೆ. ಸೆಮಿಸ್ಟರ್ ಪರೀಕ್ಷೆಗೆ ಥಿಯರಮ್ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರಲ್ಲ.

ಪ್ರಶ್ನೆ (ಬಿಇ ಮೆಕ್ಯಾನಿಕಲ್, ಬೆಂಗಳೂರಿನಲ್ಲಿ ಐಟಿ ಕೆಲಸ, ವಯಸ್ಸು 27): ಕೆಲಸ ಬಿಟ್ಟು ಗಣಿತಕ್ಕೆ ಬರಬೇಕು ಅಂತಿದ್ದೀನಿ. ತಡವಾಯ್ತಾ?

ಉತ್ತರ: ಅರ್ಹತೆಗೆ ತೊಂದರೆ ಇಲ್ಲ. ಐಎಸ್‌ಐಯ ಸ್ನಾತಕೋತ್ತರ ಕೋರ್ಸ್‌ಗಳಾದ ಎಂ.ಮ್ಯಾಥ್, ಎಂ.ಸ್ಟಾಟ್ ಎರಡಕ್ಕೂ ಬಿಇ ಆದವರು ಬರೆಯಬಹುದು. ಜಾಮ್‌ಗೂ ಬರೆಯಬಹುದು, ಆದರೆ ಬಿಇಗೆ ಯಾವ ಐಐಟಿ ಎಂಎಸ್ಸಿ ಗಣಿತ ಕೊಡುತ್ತೆ ಅನ್ನುವುದನ್ನು ಆಯಾ ವರ್ಷದ ಮಾಹಿತಿಪುಸ್ತಕದಲ್ಲಿ ಸಂಸ್ಥೆವಾರು ನೋಡಿಕೊಳ್ಳಿ. ವಯಸ್ಸು ಲೆಕ್ಕಕ್ಕೆ ಬರುವುದು ಆಮೇಲೆ, ಸಿಎಸ್‌ಐಆರ್ ನೆಟ್ ಪರೀಕ್ಷೆಯಿಂದ ಸಿಗುವ ಜೆಆರ್‌ಎಫ್‌ನಲ್ಲಿ (ಸಂಶೋಧನೆಗೆ ಕೊಡುವ ಫೆಲೋಶಿಪ್). ಅಲ್ಲಿ ಸಾಮಾನ್ಯ ವರ್ಗಕ್ಕೆ 30 ವರ್ಷದ ಮಿತಿ. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಗೆ 5 ವರ್ಷ ಸಡಿಲಿಕೆ, ಒಬಿಸಿಗೂ ಸಡಿಲಿಕೆ ಇದೆ. ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಗೆ ವಯಸ್ಸಿನ ಮಿತಿಯೇ ಇಲ್ಲ.

ಆದರೆ ರಾಜೀನಾಮೆ ಈಗಲೇ ಕೊಡಬೇಡಿ. ಬಿಇಯಲ್ಲಿ ನೀವು ಮಾಡಿದ ಲಾಪ್ಲಾಸ್, ಫೋರಿಯರ್ ಎಲ್ಲ ಲೆಕ್ಕ ಬಿಡಿಸುವ ಗಣಿತ. ಎಂ.ಮ್ಯಾಥ್ ಕೇಳುವುದು ಸಾಧಿಸುವ ಗಣಿತ. ಆರು ತಿಂಗಳು ಸಂಜೆ ಹೊತ್ತು ಲೀನಿಯರ್ ಆಲ್ಜೀಬ್ರಾ, ಅನಾಲಿಸಿಸ್ ಓದಿ, ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಅಷ್ಟಾದ ಮೇಲೂ ಖುಷಿ ಉಳಿದಿದ್ದರೆ ಮುಂದಿನ ಮಾತು.

ಪ್ರಶ್ನೆ (ಪೋಷಕರು, ತುಮಕೂರು): ನಮ್ಮ ಹತ್ರ 2ಎ ಸರ್ಟಿಫಿಕೇಟ್ ಇದೆ. ಇವಕ್ಕೆಲ್ಲ ನಡೆಯುತ್ತಾ?

ಉತ್ತರ: ನಡೆಯಲ್ಲ. 2ಎ, 2ಬಿ, 3ಎ, 3ಬಿ ಇವೆಲ್ಲ ರಾಜ್ಯದ ಪ್ರವರ್ಗಗಳು, ಸಿಇಟಿಗೆ ಸರಿ. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಒಬಿಸಿ ನಾನ್‌ ಕ್ರೀಮಿ ಲೇಯರ್ ಪ್ರಮಾಣಪತ್ರ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, ರಾಜ್ಯದ ಪಟ್ಟಿಯಲ್ಲಿ ಇದ್ದದ್ದೆಲ್ಲ ಅಲ್ಲಿ ಇರಲ್ಲ. ಇದ್ದರೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಿ. ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟ ಪ್ರಮಾಣಪತ್ರವನ್ನೇ ಕೇಳ್ತಾರೆ, ಆದ್ದರಿಂದ ಹಳೇದನ್ನೇ ಹಿಡಿದುಕೊಂಡು ಹೋಗಬೇಡಿ.