ಶನಿವಾರದ ಆಟ ನೋಡಬೇಡಿ, ಮಂಗಳವಾರದ ಅಭ್ಯಾಸ ನೋಡಿ

ಅಕ್ಕ, ಮಗ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತೇನೆ ಎನ್ನುತ್ತಾನೆ, ಬಿಡಬಹುದೇ ಎಂಬ ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಾಲ್ಕು ವರ್ಷದ ಹಿಂದೆ ಇದೇ ಮಾತಿಗೆ ನಮ್ಮ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ನಮ್ಮ ಮಗ ಫುಟ್‌ಬಾಲ್ ಆಡುತ್ತೇನೆ ಎಂದದ್ದು ಇಲ್ಲೇ ಅಮೆರಿಕದ ಮಿನ್ನೆಸೋಟಾದ ಪುಟ್ಟ ಕಾಲೇಜೊಂದರಲ್ಲಿ. ಹೆಸರು ಬೇಡ, ಹುಡುಗನಿಗೆ ಇಷ್ಟವಾಗುವುದಿಲ್ಲ. ಹಾಸನದಲ್ಲಿರುವ ನನ್ನ ತಂದೆ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, "ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಕಬಡ್ಡಿ, ಅದಕ್ಕೆ ಫೀಸು ನಾವೇ ಕಟ್ಟಬೇಕು" ಎಂದರು. ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಇವತ್ತಿಗೂ ಬರುವುದಿಲ್ಲ.

ದುಡ್ಡಿನ ಮಾತು ಮೊದಲು ಮುಗಿಸೋಣ. ಇಂಥ ಕಾಲೇಜುಗಳು ಆಡುವುದು ಅಮೆರಿಕದ ಕಾಲೇಜು ಕ್ರೀಡೆಯ ಮೂರನೆಯ ವಿಭಾಗವಾದ ಡಿವಿಷನ್ 3ರಲ್ಲಿ. ಡಿವಿಷನ್ 3ರ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ, ಅದು ನಿಯಮ. ಅಂಕ ನೋಡಿ, ಮನೆಯ ಆದಾಯ ನೋಡಿ ಕೊಡುವ ನೆರವು ಬೇರೆ. ಅದಕ್ಕೂ ತಂಡಕ್ಕೂ ಸಂಬಂಧವಿಲ್ಲ. ಇದರಲ್ಲಿ ಒಂದು ಅನುಕೂಲವೂ ಇದೆ: ಅಕ್ಟೋಬರ್‌ನಲ್ಲಿ ಹುಡುಗನಿಗೆ ಸಾಕೆನಿಸಿದರೆ ಜೆರ್ಸಿ ವಾಪಸ್ ಕೊಟ್ಟು ಗ್ರಂಥಾಲಯಕ್ಕೆ ನಡೆಯಬಹುದು.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಡೆಟ್ರಾಯಿಟ್‌ನ ಹಿರಿಯರೊಬ್ಬರು ಈ ಆಟದಲ್ಲಿ ಬೀಳುವ ತಲೆಪೆಟ್ಟಿನ ವಿಷಯ ಬರೆದಿದ್ದಾರೆ. ಅದು ಸುಮ್ಮನೆ ಹೆದರಿಸುವ ಮಾತಲ್ಲ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೀರಿಕೊಂಡ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಕಾಲೇಜು ಮಟ್ಟದವರೆಗೆ ಆಡಿದ್ದ 53 ಜನರಲ್ಲಿ 48 ಜನರಿಗೆ ಸಿಟಿಇ ಎಂಬ, ತಲೆಗೆ ಪದೇಪದೇ ಪೆಟ್ಟು ಬಿದ್ದು ಬರುವ ಮಿದುಳಿನ ಕಾಯಿಲೆ ಇತ್ತು. ಅವು ದಾನವಾಗಿ ಬಂದ ಮಿದುಳುಗಳು. ಬದುಕಿದ್ದಾಗಲೇ ಏನೋ ಸರಿಯಿಲ್ಲವೆಂದು ಅನುಮಾನ ಬಂದ ಮನೆಯವರೇ ಹೆಚ್ಚಾಗಿ ದಾನಕ್ಕೆ ಮುಂದೆ ಬರುತ್ತಾರೆ. ಆದ್ದರಿಂದ ಆಡಿದವರೆಲ್ಲರಿಗೂ ಅದೇ ಲೆಕ್ಕ ಹಚ್ಚುವುದು ತಪ್ಪು. ಈ ವಿವರಣೆಯನ್ನು ನಾನು ಹೆಂಡತಿಗೂ ಕೊಟ್ಟೆ. ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ.

ನಮ್ಮನ್ನು ಸ್ವಲ್ಪ ಸಮಾಧಾನಕ್ಕೆ ತಂದದ್ದು ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್ ಕಥೆ. ಮಿನಿಯಾಪೊಲಿಸ್‌ನಿಂದ ವಾಯವ್ಯಕ್ಕೆ ಹೋದರೆ ಕಾಡು, ಕೆರೆ, ನಡುವೆ ಬೆನೆಡಿಕ್ಟೈನ್ ಸನ್ಯಾಸಿಗಳ ಮಠ. ಆ ಮಠದವರ ಕಾಲೇಜು ಅದು. ಅಲ್ಲಿ 1953ರಿಂದ 2012ರವರೆಗೆ, ಅರವತ್ತು ಸೀಸನ್, ಜಾನ್ ಗ್ಯಾಲಿಯಾರ್ಡಿ ಎಂಬ ಒಬ್ಬರೇ ಕೋಚ್. ಅಭ್ಯಾಸದಲ್ಲಿ ಟ್ಯಾಕಲ್ ಮಾಡುವುದನ್ನು, ಅಂದರೆ ಎದುರಿನವನನ್ನು ಹಿಡಿದು ಕೆಡವುವುದನ್ನು, ಅವರು ನಿಷೇಧಿಸಿದ್ದರು. ಒಬ್ಬರನ್ನೊಬ್ಬರು ನೆಲಕ್ಕೆ ಕೆಡವುವುದೇನಿದ್ದರೂ ಶನಿವಾರ, ಎದುರಾಳಿಗಳನ್ನು. ಅಭ್ಯಾಸ ಒಂದೂವರೆ ಗಂಟೆಯೊಳಗೆ ಮುಗಿಯಬೇಕು. ಸೀಟಿ ಊದುವಂತಿಲ್ಲ. ತಂಡಕ್ಕೆ ಬಂದ ಹುಡುಗನನ್ನು 'ನೀನು ಬೇಡ' ಎಂದು ಕಳಿಸುವಂತಿಲ್ಲ. ನೆಲದ ಮೇಲೆ ಅಂಗಾತ ಮಲಗಿ ಆಕಾಶ ನೋಡಿ 'ಎಂಥ ಒಳ್ಳೆಯ ದಿನ' ಎನ್ನುವುದೂ ಅವರ ಕಸರತ್ತುಗಳಲ್ಲೊಂದು! ನನಗೆ ಅರಗಿಸಿಕೊಳ್ಳಲು ಕಷ್ಟವಾದದ್ದು ಇನ್ನೊಂದು ನಿಯಮ: ಯಾರೂ ಅವರನ್ನು 'ಕೋಚ್' ಎನ್ನಬಾರದು, 'ಜಾನ್' ಎನ್ನಬೇಕು. ಹದಿನೆಂಟರ ಹುಡುಗ ಎಂಬತ್ತರ ಮೇಷ್ಟ್ರನ್ನು ಹೆಸರು ಹಿಡಿದು ಕರೆಯುವುದು! ನಮ್ಮ ಪಿ.ಟಿ. ಮೇಷ್ಟ್ರ ಹೆಸರು ಏನೆಂದು ಶಾಲೆ ಬಿಡುವವರೆಗೆ ನಮಗೆ ಗೊತ್ತೇ ಇರಲಿಲ್ಲ.

ಇಷ್ಟು ಮೆದುವಾಗಿ ತಯಾರಾದ ತಂಡ ಶನಿವಾರ ಪುಡಿಯಾಗಬೇಕಿತ್ತಲ್ಲವೇ? 2003ರ ಸೀಸನ್ ನೋಡಿ. ಆಡಿದ್ದು ಹದಿನಾಲ್ಕು, ಗೆದ್ದದ್ದು ಹದಿನಾಲ್ಕು. ನವೆಂಬರ್ 8ರಂದು ಬೆಥೆಲ್ ಎಂಬ ಕಾಲೇಜಿನ ವಿರುದ್ಧ 29-26ರಿಂದ ಗೆದ್ದಾಗ ಅದು ಗ್ಯಾಲಿಯಾರ್ಡಿಯವರ 409ನೆಯ ಗೆಲುವು. ಕಾಲೇಜು ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಗೆದ್ದ ಕೋಚ್ ಎಂಬ, ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಎಡ್ಡಿ ರಾಬಿನ್ಸನ್ ಅವರ 408ರ ದಾಖಲೆ ಅಂದು ಮುರಿಯಿತು. ಡಿಸೆಂಬರ್‌ನಲ್ಲಿ ವರ್ಜೀನಿಯಾದ ಸೇಲಂನಲ್ಲಿ ನಡೆದ ಡಿವಿಷನ್ 3ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಓಹಾಯೋದ ಮೌಂಟ್ ಯೂನಿಯನ್, ಸತತ 55 ಆಟ ಸೋಲದೆ ಬಂದ ತಂಡ. ಸೇಂಟ್ ಜಾನ್ಸ್ 24-6ರಿಂದ ಗೆದ್ದಿತು. ನಿವೃತ್ತರಾಗುವ ಹೊತ್ತಿಗೆ ಗ್ಯಾಲಿಯಾರ್ಡಿಯವರ ಗೆಲುವುಗಳು 489. ಅವರು ಎಷ್ಟೋ ವರ್ಷ ಮೊದಲೇ ಮಾಡಿದ್ದನ್ನು ಉಳಿದವರು ಮಾಡಿದ್ದು ತಡವಾಗಿ: ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್‌ನ ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳು ಸೀಸನ್ ನಡುವಿನ ಅಭ್ಯಾಸದಲ್ಲಿ ಟ್ಯಾಕಲ್ ನಿಲ್ಲಿಸಿದ್ದು 2016ರಲ್ಲಿ.

ಆದ್ದರಿಂದ, ಅಕ್ಕ, ಕಾಲೇಜು ನೋಡಲು ಹೋದಾಗ ಸ್ಟೇಡಿಯಂ ತೋರಿಸಿದರೆ ತಲೆಯಾಡಿಸಿ ಸುಮ್ಮನಿರಿ. ವಾರಕ್ಕೆ ಎಷ್ಟು ದಿನ ಮೈಗೆ ಮೈ ತಾಗಿಸಿ ಅಭ್ಯಾಸ ಮಾಡಿಸುತ್ತೀರಿ ಎಂದು ಕೇಳಿ. ತಲೆಗೆ ಪೆಟ್ಟಾದ ಹುಡುಗ ಮತ್ತೆ ಆಡಬಹುದೆಂದು ನಿರ್ಧರಿಸುವವರು ಯಾರು, ಕೋಚೋ ವೈದ್ಯರೋ ಎಂದೂ ಕೇಳಿ. ನಾವು ಮೂರು ಕಾಲೇಜಿನಲ್ಲಿ ಕೇಳಿದೆವು. ಒಂದು ಕಡೆ ಕೋಚ್ ನಕ್ಕುಬಿಟ್ಟರು. ನಾವು ಅಲ್ಲಿಂದ ಎದ್ದು ಬಂದೆವು. ಮಗನಿಗೆ ಸಿಟ್ಟು ಬಂದು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಇನ್ನು ಸೀಸನ್ ಎಂದರೆ ಏನೆಂಬುದು. ಸೆಪ್ಟೆಂಬರ್‌ನಿಂದ ನವೆಂಬರ್ ನಡುವಿನವರೆಗೆ ಹತ್ತು ಶನಿವಾರ, ಹತ್ತು ಆಟ. ಚೆನ್ನಾಗಿ ಆಡಿದವರಿಗೆ ಮಾತ್ರ ಮುಂದಿನ ಸುತ್ತು. ನಮ್ಮ ಹುಡುಗನ ತಂಡಕ್ಕೆ ಆ ತಾಪತ್ರಯ ಬರಲಿಲ್ಲ, ಮೊದಲ ವರ್ಷ ಗೆದ್ದದ್ದು ಮೂರೇ. ಅವನು ಆರು ವಾರ ಅಂಚಿನಲ್ಲಿ ನಿಂತು ನೀರಿನ ಬಾಟಲಿ ಹಂಚಿದ. ಏಳನೆಯ ಆಟದಲ್ಲಿ, ತಂಡ 31 ಅಂಕ ಹಿಂದಿದ್ದಾಗ, ಒಳಗೆ ಕಳಿಸಿದರು. ನಾಲ್ಕು ಸಲ ಬಿದ್ದ, ಐದನೆಯ ಸಲ ಇನ್ನೊಬ್ಬನನ್ನು ಕೆಡವಿದ. ಆಡಬೇಡ ಎಂದು ಎರಡು ದಿನ ಉಪವಾಸ ಕೂತಿದ್ದ ನನ್ನ ಹೆಂಡತಿ ಎದ್ದು ನಿಂತು "ಹಿಡಿ, ಬಿಡಬೇಡ" ಎಂದು ಕನ್ನಡದಲ್ಲಿ ಕೂಗಿದಳು. ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿ, ಅರ್ಥವಾದವರಂತೆ, ತಮ್ಮ ಕಂಬಳಿಯ ಒಂದು ತುದಿಯನ್ನು ಅವಳ ಕಾಲ ಮೇಲೆ ಹೊದಿಸಿದರು.

ಒಂದು ತೊಂದರೆ ಯಾರೂ ಹೇಳುವುದಿಲ್ಲ: ಕನ್ನಡ ಸಂಘದ ರಾಜ್ಯೋತ್ಸವವೂ ಶನಿವಾರವೇ ಬರುತ್ತದೆ. ನಾಟಕದಲ್ಲಿ ನನಗಿದ್ದ ಪಾತ್ರವನ್ನು ಬೇರೆಯವರಿಗೆ ಕೊಟ್ಟು ಮೂರು ವರ್ಷವಾಯಿತು. ಸ್ಟೇಡಿಯಂಗೆ ಹೋಗುವಾಗ ಬಿಸಿಬೇಳೆಬಾತನ್ನು ಅಗಲ ಬಾಯಿಯ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿ. ಡಬ್ಬಿಯಲ್ಲಿ ಹಾಕಿದರೆ ನವೆಂಬರ್ ಚಳಿಗೆ ತುಪ್ಪ ಮೇಲೆ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ.