ಪ್ರೋಟೋಟೈಪ್ ಅಂತ ಹಾಕಿದರೂ ಅದೇ ಹಳೇ ಆಬ್ಜೆಕ್ಟ್ ಯಾಕೆ ಬರುತ್ತಿದೆ?

ಪ್ರಶ್ನೆ: ಮೇಡಂ, ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬೂಟ್‌ನಲ್ಲಿ ಬಿಲ್ಲಿಂಗ್ ಅಪ್ಲಿಕೇಶನ್ ಮಾಡುತ್ತಿದ್ದೇವೆ. ಬಿಲ್ ಬಿಲ್ಡರ್ ಕ್ಲಾಸಿಗೆ ಪ್ರೋಟೋಟೈಪ್ ಸ್ಕೋಪ್ ಕೊಟ್ಟಿದ್ದೇನೆ. ಅದರೊಳಗೆ ಐಟಂಗಳ ಲಿಸ್ಟ್ ಇದೆ. ಬಿಲ್ಲಿಂಗ್ ಸರ್ವೀಸಿನಲ್ಲಿ ಅದನ್ನು ಆಟೋವೈರ್ ಮಾಡಿದ್ದೇನೆ, ಅಂದರೆ ಸ್ಪ್ರಿಂಗೇ ತಂದು ಜೋಡಿಸುವಂತೆ ಬರೆದಿದ್ದೇನೆ. ಆದರೂ ಒಬ್ಬರ ಐಟಂ ಇನ್ನೊಬ್ಬರ ಬಿಲ್ಲಿನಲ್ಲಿ ಬರುತ್ತಿದೆ. ಪ್ರತಿ ಸಲ ಹೊಸ ಆಬ್ಜೆಕ್ಟ್ ಸಿಗಬೇಕಿತ್ತು ಅಲ್ವಾ?

ಉತ್ತರ: ಕಂಟೇನರನ್ನು, ಅಂದರೆ ಆಬ್ಜೆಕ್ಟ್ ಮಾಡಿಕೊಡುವ ಸ್ಪ್ರಿಂಗಿನ ಭಾಗವನ್ನು, ಕೇಳಿದ ಪ್ರತಿ ಸಲ ಸಿಗುತ್ತದೆ. ನೀವು ಕೇಳಿರುವುದು ಒಂದೇ ಸಲ. ಸರ್ವೀಸಿಗೆ ಸ್ಕೋಪ್ ಏನೂ ಹಾಕಿಲ್ಲ ತಾನೇ? ಹಾಗಾದರೆ ಅದು ಸಿಂಗಲ್ಟನ್. ಅಪ್ಲಿಕೇಶನ್ ಶುರುವಾಗುವಾಗ ಒಮ್ಮೆ ಹುಟ್ಟುತ್ತದೆ, ಆಗಲೇ ಒಂದು ಬಿಲ್ಡರ್ ತೆಗೆದುಕೊಂಡು ಫೀಲ್ಡಿನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಬರುವ ಎಲ್ಲ ರಿಕ್ವೆಸ್ಟಿಗೂ ಅದೇ ಗತಿ. ಬಿಲ್ಡರಿನ ಕನ್‌ಸ್ಟ್ರಕ್ಟರಿನಲ್ಲಿ ಒಂದು ಲಾಗ್ ಲೈನ್ ಹಾಕಿ ನೋಡಿ, ಒಂದೇ ಸಲ ಪ್ರಿಂಟ್ ಆಗುತ್ತದೆ.

ಬಿಲ್ಡರಿನ ಬದಲು, ಕೇಳಿದಾಗ ಕಂಟೇನರಿನಿಂದ ಆಬ್ಜೆಕ್ಟ್ ತಂದುಕೊಡುವ ಆಬ್ಜೆಕ್ಟ್ ಪ್ರೊವೈಡರ್ ಇಂಜೆಕ್ಟ್ ಮಾಡಿ. ಸ್ಪ್ರಿಂಗ್ 4.3ರಿಂದ ಇದೆ. ಬಿಲ್ ಮಾಡುವ ಮೆಥಡ್ ಒಳಗೆ ಅದರ ಗೆಟ್ ಆಬ್ಜೆಕ್ಟ್ ಕರೆಯಿರಿ. ಸಿಕ್ಕಿದ್ದನ್ನು ಲೋಕಲ್ ವೇರಿಯಬಲ್‌ನಲ್ಲೇ ಇಟ್ಟುಕೊಳ್ಳಿ. ಮತ್ತೆ ಫೀಲ್ಡಿಗೆ ಹಾಕಿದರೆ ಕಥೆ ಮೊದಲಿಗೇ ಬಂತು.

ಇನ್ನೊಂದು ಮಾತು. ಬಿಲ್ಡರಿಗೆ ಬೇರೆ ಬೀನ್ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್) ಯಾವುದೂ ಬೇಡ ಅಂದರೆ ಅದು ಬೀನ್ ಆಗಬೇಕಾಗಿಯೇ ಇಲ್ಲ. ಸುಮ್ನೆ ನ್ಯೂ ಅಂತ ಬರೆಯಿರಿ.

ಪ್ರಶ್ನೆ: ಟ್ಯಾಕ್ಸ್ ಸರ್ವೀಸ್ ಬೇಕು ಮೇಡಂ, ಹಾಗಾಗಿ ಬೀನ್ ಇರಲೇಬೇಕು. ಜೊತೆಯವರೊಬ್ಬರು ಸ್ಕೋಪ್ಡ್ ಪ್ರಾಕ್ಸಿ (ನಿಜವಾದ ಆಬ್ಜೆಕ್ಟಿನ ಜಾಗದಲ್ಲಿ ನಿಂತು ಕಾಲ್ ದಾಟಿಸುವ ಮಧ್ಯವರ್ತಿ) ಹಾಕು, ಕೋಡ್ ಬದಲಾಯಿಸೋದೇ ಬೇಡ ಅಂದರು. ಹಾಕಿದೆ. ಈಗ ಬಿಲ್ ಪೂರ್ತಿ ಖಾಲಿ!

ಉತ್ತರ: ಖಾಲಿ ಬರಲೇಬೇಕು. ಪ್ರೋಟೋಟೈಪಿಗೆ ಪ್ರಾಕ್ಸಿ ಹಾಕಿದರೆ ಅದರ ಮೇಲಿನ ಒಂದೊಂದು ಮೆಥಡ್ ಕಾಲ್‌ಗೂ ಹೊಸ ಆಬ್ಜೆಕ್ಟ್ ಬರುತ್ತದೆ. ಐಟಂ ಸೇರಿಸಿದ್ದು ಒಂದಕ್ಕೆ, ಟೋಟಲ್ ಕೇಳಿದ್ದು ಇನ್ನೊಂದನ್ನು. ರಿಕ್ವೆಸ್ಟ್ ಸ್ಕೋಪಿಗೆ ಪ್ರಾಕ್ಸಿ ಒಳ್ಳೆಯದು, ಅಲ್ಲಿ ಒಂದು ರಿಕ್ವೆಸ್ಟ್ ಮುಗಿಯುವವರೆಗೂ ಒಂದೇ ಆಬ್ಜೆಕ್ಟ್. ಇಲ್ಲಿ ತೆಗೆದುಬಿಡಿ, ಪ್ರೊವೈಡರ್ ಸಾಕು.

ಪ್ರಶ್ನೆ: ಸರಿಹೋಯಿತು, ಥ್ಯಾಂಕ್ಸ್! ಆದರೆ ಬಿಲ್ಡರ್ ಒಂದು ಟೆಂಪ್ ಫೈಲ್ ತೆರೆಯುತ್ತದೆ. ಅದನ್ನು ಮುಚ್ಚೋಕೆ ಪ್ರೀ ಡಿಸ್ಟ್ರಾಯ್, ಅಂದರೆ ಬೀನ್ ಮುಗಿಯುವಾಗ ಓಡುವ ಮೆಥಡ್, ಬರೆದಿದ್ದೇನೆ. ಅದು ಓಡುತ್ತಲೇ ಇಲ್ಲ.

ಉತ್ತರ: ಓಡುವುದಿಲ್ಲ. ಪ್ರೋಟೋಟೈಪಿಗೆ ಸ್ಪ್ರಿಂಗ್, ಆಬ್ಜೆಕ್ಟ್ ತಯಾರಾದ ಕೂಡಲೇ ಓಡುವ ಪೋಸ್ಟ್ ಕನ್‌ಸ್ಟ್ರಕ್ಟ್ ಓಡಿಸುತ್ತದೆ, ಪ್ರೀ ಡಿಸ್ಟ್ರಾಯ್ ಓಡಿಸುವುದಿಲ್ಲ. ಕೈಗೆ ಕೊಟ್ಟ ಮೇಲೆ ಅದರ ಲೆಕ್ಕವನ್ನೇ ಇಡುವುದಿಲ್ಲ. ಪಾರ್ಸೆಲ್ ಕಟ್ಟಿಸಿಕೊಂಡು ಹೋದವರ ತಟ್ಟೆಯನ್ನು ಹೋಟೆಲಿನವರು ತೊಳೆಯುತ್ತಾರಾ? ಬಿಲ್ಡರನ್ನು ಜಾವಾದ ಆಟೋ ಕ್ಲೋಸಬಲ್ ಮಾಡಿ, ಫೈಲ್ ಮುಚ್ಚುವುದನ್ನು ಅದರ ಕ್ಲೋಸ್ ಮೆಥಡ್ ಒಳಗೆ ಬರೆಯಿರಿ. ಪ್ರೊವೈಡರಿನಿಂದ ತೆಗೆದುಕೊಳ್ಳುವ ಲೈನನ್ನೇ ಟ್ರೈ ಬ್ರ್ಯಾಕೆಟ್ ಒಳಗೆ ಇಡಿ. ಎಕ್ಸೆಪ್ಶನ್ ಬಂದರೂ ಫೈಲ್ ಮುಚ್ಚುತ್ತದೆ.

ಇನ್ನೊಬ್ಬ ಸದಸ್ಯರು: ನಡುವೆ ಬಾಯಿ ಹಾಕುತ್ತಿದ್ದೇನೆ. ಫ್ಯಾಕ್ಟರಿ ಬೀನ್ (ಬೇರೆ ಆಬ್ಜೆಕ್ಟ್ ತಯಾರಿಸಿಕೊಡುವ ಬೀನ್) ಬರೆದರೆ ಕ್ಲೋಸ್ ತಾನಾಗೇ ಆಗಲ್ವಾ? ನಮ್ಮಲ್ಲಿ ಹಳೇ ಕೋಡಿನ ತುಂಬ ಅದೇ ಇದೆ.

ಉತ್ತರ: ಆಗಲ್ಲ. ಸ್ಪ್ರಿಂಗ್ ನೋಡಿಕೊಳ್ಳುವುದು ಫ್ಯಾಕ್ಟರಿಯ ಹುಟ್ಟು ಸಾವನ್ನು. ಅದು ತಯಾರಿಸಿದ ಆಬ್ಜೆಕ್ಟಿಗೆ ಪೋಸ್ಟ್ ಕನ್‌ಸ್ಟ್ರಕ್ಟೂ ಇಲ್ಲ, ಪ್ರೀ ಡಿಸ್ಟ್ರಾಯೂ ಇಲ್ಲ. ಕ್ಲೋಸ್ ಆಗಬೇಕಿದ್ದರೆ ಫ್ಯಾಕ್ಟರಿಯನ್ನೇ ಡಿಸ್ಪೋಸಬಲ್ ಬೀನ್ ಮಾಡಿ, ಅದರ ಡಿಸ್ಟ್ರಾಯ್ ಒಳಗಿಂದ ನೀವೇ ಕ್ಲೋಸ್ ಕರೆಯಬೇಕು. ಫ್ಯಾಕ್ಟರಿಯ ಈಸ್ ಸಿಂಗಲ್ಟನ್ ಮೆಥಡ್ ಏನು ಹೇಳುತ್ತದೆ ಅಂತಲೂ ನೋಡಿಕೊಳ್ಳಿ. ಸ್ಪ್ರಿಂಗ್ 5ರಿಂದ ನೀವೇನೂ ಬರೆಯದಿದ್ದರೆ ಅದು ಟ್ರೂ. ಅಂದರೆ ಮೊದಲ ಸಲ ತಯಾರಾದದ್ದನ್ನೇ ಎತ್ತಿಟ್ಟುಕೊಂಡು ಎಲ್ಲರಿಗೂ ಕೊಡುತ್ತದೆ.

ಹೊಸ ಕೋಡಿಗೆ ನಾನಂತೂ ಫ್ಯಾಕ್ಟರಿ ಬೀನ್ ಬರೆಯುವುದಿಲ್ಲ. ಕಾನ್ಫಿಗರೇಶನ್ ಕ್ಲಾಸಿನಲ್ಲಿ ಒಂದು ಬೀನ್ ಮೆಥಡ್ ಸಾಕು. ಅಲ್ಲಿಂದ ಬರುವ ಸಿಂಗಲ್ಟನ್‌ನಲ್ಲಿ ಕ್ಲೋಸ್ ಅಥವಾ ಶಟ್‌ಡೌನ್ ಅನ್ನೋ ಪಬ್ಲಿಕ್ ಮೆಥಡ್ ಇದ್ದರೆ, ಕಂಟೇನರ್ ಮುಚ್ಚುವಾಗ ಸ್ಪ್ರಿಂಗೇ ಹುಡುಕಿ ಕರೆಯುತ್ತದೆ. ಆದರೆ ಬೇರೆ ಕಡೆಯೂ ಬಳಸುತ್ತಿರುವ ಕನೆಕ್ಷನ್ನನ್ನು ಹೀಗೆ ರಿಟರ್ನ್ ಮಾಡಿದ್ದರೆ ಅದನ್ನೂ ಮುಚ್ಚಿಬಿಡುತ್ತದೆ. ಅಂಥ ಕಡೆ ಡಿಸ್ಟ್ರಾಯ್ ಮೆಥಡ್ ಜಾಗಕ್ಕೆ ಖಾಲಿ ಸ್ಟ್ರಿಂಗ್ ಕೊಡಿ.