ಅಪ್‌ಡೇಟ್: ವಾಸನೆ ಪರೀಕ್ಷೆ ಮುಗಿಸಿದೆ

ಅಪ್ಪನಿಗೆ ಪಾರ್ಕಿನ್ಸನ್ಸ್ (ನಡುಕದ ಕಾಯಿಲೆ) ಇತ್ತು, ನನಗಿಲ್ಲ, ಆದರೂ ಸಂಶೋಧನೆಗೆ ಸೇರಬಹುದಾ ಅಂತ ಕೇಳಿದ್ದೆ. ಸೇರಬಹುದು. ಇಲ್ಲಿ ನ್ಯೂಜೆರ್ಸಿಯಿಂದಲೇ ಪಿಪಿಎಂಐ ಅನ್ನೋ ಪಾರ್ಕಿನ್ಸನ್ಸ್ ಅಧ್ಯಯನಕ್ಕೆ ಹೆಸರು ಕೊಟ್ಟೆ. ಈ ಕಾಯಿಲೆಯ ಸಂಶೋಧನೆಗೆ ನೆರವಾಗುವ ಮೈಕೆಲ್ ಜೆ. ಫಾಕ್ಸ್ ಫೌಂಡೇಶನ್ 2010ರಲ್ಲಿ ಶುರು ಮಾಡಿದ್ದು. ಕಾಯಿಲೆ ಇಲ್ಲದವರೂ ಅವರಿಗೆ ಬೇಕು.

ಅಂಚೆಯಲ್ಲಿ ವಾಸನೆ ಪರೀಕ್ಷೆ ಬಂತು, ಪುಕ್ಕಟೆ. ಒಟ್ಟು 40 ವಾಸನೆ. ವಾಸನೆ ಹಚ್ಚಿದ ಪಟ್ಟಿಯನ್ನು ಪೆನ್ಸಿಲ್‌ನಿಂದ ಕೆರೆದು ಮೂಸಬೇಕು, ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಬೇಕು. ಈ ಕಾಯಿಲೆಯಲ್ಲಿ ಕೈನಡುಕಕ್ಕೆ ವರ್ಷಗಟ್ಟಲೆ ಮುಂಚೆಯೇ ಮೂಗು ಮಂಕಾಗಬಹುದು. ಒಗ್ಗರಣೆ ಸೀದರೂ ಅಪ್ಪ ಅಡುಗೆಮನೆ ಬಾಗಿಲಲ್ಲೇ ಸುಮ್ನೆ ಕೂತಿರುತ್ತಿದ್ದರು. ನಾವು ನೆಗಡಿ ಅಂದುಕೊಂಡಿದ್ದೆವು.

ವಾಸನೆ ತಿಳಿಯದವರಿಗೆಲ್ಲ ಈ ಕಾಯಿಲೆ ಬರುತ್ತದೆ ಅಂತಲ್ಲ. ಬೇಡ ಅನಿಸಿದರೆ ಅಧ್ಯಯನದಿಂದ ಯಾವಾಗ ಬೇಕಾದರೂ ಹೊರಬರಬಹುದು. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೂ ಸೇರಲು ಹೇಳಿದ್ದೇನೆ.